ಸೆಂಡಾಯ್‌ನಲ್ಲಿ ತಮ್ಮನ ಕೊನೆಯ ಪಂದ್ಯ

ನವೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಟೋಕಿಯೋದ ಫುನಾಬೊರಿಯ ಮನೆ ಬಿಟ್ಟೆ. ನಮ್ಮ ಯಜಮಾನರು ಇಲ್ಲಿಗೆ ಹತ್ತಿರದ ಒಂದು ಭಾರತೀಯ ಹೋಟೆಲಿನಲ್ಲಿ ಅಡುಗೆಯವರು. ನಾನೂ ಅಲ್ಲೇ ತರಕಾರಿ ಹೆಚ್ಚುತ್ತೇನೆ, ದೋಸೆ ಹಿಟ್ಟು ರುಬ್ಬುತ್ತೇನೆ. ಭಾನುವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ದಿನ ರಜೆ ಕೇಳಿದ್ದು ಎಂಟು ವರ್ಷದಲ್ಲಿ ಇದೇ ಮೊದಲು. ಎರಡು ರೈಲು ಬದಲಿಸಿ ಉಎನೊ ತಲುಪಿ, ಅಲ್ಲಿಂದ ಬುಲೆಟ್ ರೈಲು ಹತ್ತಿದೆ. ಸೆಂಡಾಯ್‌ಗೆ ಮುನ್ನೂರೈವತ್ತು ಕಿಲೋಮೀಟರು, ಒಂದೂವರೆ ಗಂಟೆಯ ದಾರಿ. ಟಿಕೆಟ್ಟಿಗೆ ಹನ್ನೊಂದು ಸಾವಿರ ಯೆನ್‌ಗಿಂತ ಹೆಚ್ಚಾಯಿತು. ಕೊಂಬಿನಿ ಎಂಬ ದಿನವಿಡೀ ತೆರೆದಿರುವ ಅಂಗಡಿಯಲ್ಲಿ ಕೊಂಡ ಅನ್ನದ ಉಂಡೆ ತಿನ್ನುತ್ತಾ ಕುಳಿತೆ.

ನನ್ನ ತಮ್ಮ ಮಂಜು ಸೆಂಡಾಯ್‌ನ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ನಾನೇ. ಅದಕ್ಕಾಗಿಯೇ ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅವನು ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಡುತ್ತಾನೆ. ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಅಪ್ಪಿಕೊಂಡು ಓಡುವ ಆಟ. ನಾಲ್ಕು ವರ್ಷದಿಂದಲೂ "ಬಾ ಅಕ್ಕ" ಎಂದು ಕರೆಯುತ್ತಿದ್ದ. ನಾನು ಹೋಟೆಲಿನ ನೆಪ ಹೇಳುತ್ತಿದ್ದೆ. ನಿಜ ಬೇರೆ. ಜಪಾನೀ ಫಲಕ ಓದಲು ಬಾರದ ನಾನು ಓದಿದ ಅಪ್ಪ ಅಮ್ಮಂದಿರ ನಡುವೆ ಕೂರಲು ನಾಚುತ್ತಿದ್ದೆ. ಅವನು ಬೇಸರ ಮಾಡಿಕೊಳ್ಳಬಾರದೆಂದು ಪ್ರತಿ ಪಂದ್ಯದ ನಂತರ ಫೋನ್ ಮಾಡಿ, "ಮೊಬೈಲಲ್ಲಿ ನೋಡ್ದೆ ಕಣೋ, ಏನ್ ಓಡ್ದೆ ನೀನು!" ಎನ್ನುತ್ತಿದ್ದೆ. ಒಂದನ್ನೂ ನೋಡಿರಲಿಲ್ಲ. ಹಿಂದಿನ ವಾರ ಅವನೇ ಫೋನ್ ಮಾಡಿದ. "ಅಕ್ಕ, ಸೋತ್ರೆ ಇದೇ ಲಾಸ್ಟು." ಈ ಸಲ ನೆಪ ಹೇಳಲು ಬಾಯಿ ಬರಲಿಲ್ಲ.

ಸೆಂಡಾಯ್‌ನಲ್ಲಿ ಕಿವಿ ಕೊಯ್ಯುವ ಚಳಿ. ನಿಲ್ದಾಣದಿಂದ ಬಸ್ಸಿನಲ್ಲಿ ಮೈದಾನಕ್ಕೆ ಅರ್ಧ ಗಂಟೆ ಹಿಡಿಯಿತು. ಬಾಗಿಲಲ್ಲಿ "ಸುಮಿಮಾಸೆನ್, ಕ್ಷಮಿಸಿ" ಎಂದು ತಡವರಿಸುತ್ತಿದ್ದಾಗ ಐವತ್ತು ದಾಟಿದ ಹೆಂಗಸೊಬ್ಬರು ಓಡಿ ಬಂದರು. ಹೆಸರು ಓನೋ ಸಾನ್, ಎಂದರೆ ಓನೋ ಅವರು; ತಂಡದ ಹುಡುಗನೊಬ್ಬನ ತಾಯಿ. "ಮಂಜುವಿನ ಅಕ್ಕ ಅಲ್ಲವೇ?" ಎಂದು ಕೇಳಿ, ನನ್ನ ಕೈ ಹಿಡಿದು, ತಮ್ಮ ಕಂಬಳಿಯ ಅರ್ಧವನ್ನು ನನ್ನ ಮೊಣಕಾಲಿಗೆ ಹೊದಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ನನ್ನದು ಅಡುಗೆಮನೆಯಲ್ಲಿ ಕಲಿತ ಜಪಾನೀ ಭಾಷೆ. ಅದಕ್ಕೆ ತಕ್ಕಂತೆ ಅವರು ನಿಧಾನವಾಗಿ ಮಾತಾಡಿದರು.

ರಾಷ್ಟ್ರದ ಚಾಂಪಿಯನ್ ಯಾರೆಂದು ಹೇಗೆ ತೀರ್ಮಾನವಾಗುತ್ತದೆ ಎಂಬುದನ್ನು ಅವರು ಕಾಗದದ ಹಿಂಬದಿಯಲ್ಲಿ ಗೆರೆ ಎಳೆದು ತೋರಿಸಿದರು. ಮೊದಲು ಪ್ರತಿ ಪ್ರಾಂತ್ಯವೂ ತನ್ನೊಳಗೆ ಆಡಿ ಗೆದ್ದವರನ್ನು ಆರಿಸುತ್ತದೆ. ಟೋಕಿಯೋ ಕಡೆಯಿಂದಲೂ ಒಸಾಕಾ ಕಡೆಯಿಂದಲೂ ಒಂದಕ್ಕಿಂತ ಹೆಚ್ಚು ತಂಡಗಳು ಬರುತ್ತವೆ; ಸೆಂಡಾಯ್ ಕಡೆಯಂಥ ಉಳಿದ ಪ್ರಾಂತ್ಯಗಳಿಂದ ಒಂದೊಂದೇ. ಆಮೇಲೆ ಸೋತವರು ಮನೆಗೆ, ಗೆದ್ದವರು ಮುಂದಕ್ಕೆ. ಕೊನೆಗೆ ಉಳಿದ ಎರಡು ತಂಡಗಳು ಡಿಸೆಂಬರಿನಲ್ಲಿ ಒಸಾಕಾ ಬಳಿಯ ಕೋಷಿಯೆನ್ ಮೈದಾನದಲ್ಲಿ ಎದುರಾಗುತ್ತವೆ. ಹಿಂದೆ ಅಲ್ಲಿ ಸಮವಾದರೆ ಎರಡೂ ಕಾಲೇಜುಗಳನ್ನು ಚಾಂಪಿಯನ್ ಎಂದು ಕರೆಯುತ್ತಿದ್ದರಂತೆ.

"ಕೊನೆಯ ವರ್ಷದವರು ತಂಡ ಸೋತ ದಿನವೇ ನಿವೃತ್ತರು," ಎಂದರು ಓನೋ ಸಾನ್. "ಇಪ್ಪತ್ತೆರಡಕ್ಕೇ!"

ತನ್ನ ಪ್ರಾಂತ್ಯದಲ್ಲಿ ಗೆದ್ದ ಮಂಜುವಿನ ತಂಡಕ್ಕೆ ಅಂದು ಎದುರಾಳಿ ಹೊಕ್ಕಾಯ್ಡೋ ದ್ವೀಪದ ತಂಡ. ನಾನು ಅರವತ್ತೇಳನೇ ನಂಬರಿನ ಮಂಜುವಿನ ಮೇಲೆ ಕಣ್ಣಿಟ್ಟು ಅವನು ಓಡುವುದನ್ನೇ ಕಾದೆ. ಅವನು ಓಡಲೇ ಇಲ್ಲ. ಪ್ರತಿ ಸಲವೂ ಬಗ್ಗಿ ನಿಂತು ಎದುರಿನವನ ಎದೆಗೆ ಅಪ್ಪಳಿಸಿ ತಳ್ಳುತ್ತಿದ್ದ, ಬೀಳುತ್ತಿದ್ದ, ಏಳುತ್ತಿದ್ದ.

"ಮಂಜುಗೆ ಚೆಂಡು ಯಾಕೆ ಕೊಡ್ತಿಲ್ಲ?" ಎಂದೆ.

"ಅವನ ಜಾಗದವರು ಚೆಂಡು ಮುಟ್ಟುವುದಿಲ್ಲ. ದಾರಿ ಬಿಡಿಸುವುದು ಅವರ ಕೆಲಸ. ಆ ದಾರಿಯಲ್ಲಿ ಓಡುವವನು ನನ್ನ ಮಗ." ಅವರು ಕುಳಿತಲ್ಲೇ ಬಾಗಿ ನಮಸ್ಕರಿಸಿದರು. "ನಾಲ್ಕು ವರ್ಷ ನನ್ನ ಮಗನಿಗೆ ಪೆಟ್ಟಾಗದಂತೆ ನೋಡಿಕೊಂಡ. ನಿಮ್ಮನ್ನು ಕಂಡು ಅರಿಗಾತೋ ಹೇಳಬೇಕೆಂದು ಕಾಯುತ್ತಿದ್ದೆ."

ಚಳಿಯಲ್ಲೂ ನನ್ನ ಮುಖಕ್ಕೆ ಬಿಸಿ ಏರಿತು. 'ಏನ್ ಓಡ್ದೆ ನೀನು' ಎಂದು ನಾನು ಹೊಗಳಿದಾಗಲೆಲ್ಲ ಮಂಜು "ಹ್ಞೂ ಅಕ್ಕ" ಎಂದಷ್ಟೇ ಹೇಳುತ್ತಿದ್ದ.

ಸಮಯ ಮುಗಿದಾಗ ಎರಡೂ ಕಡೆ ಹದಿನಾಲ್ಕು. ಸಮವಾದರೆ ಇಬ್ಬರಿಗೂ ಮೈದಾನದ ಕೊನೆಯ ಗೆರೆಗೆ ಇಪ್ಪತ್ತೈದು ಗಜ ದೂರದಿಂದ ಒಂದೊಂದು ಸರದಿ. ಹೊಕ್ಕಾಯ್ಡೋದವರು ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ಪಡೆದರು. ನಮ್ಮವರು ಆ ಗೆರೆಯ ಹತ್ತಿರ ಬಂದರು; ಚೆಂಡು ಹಿಡಿದು ಅದನ್ನು ದಾಟಿದರೆ ಆರು ಅಂಕ, ಗೆಲುವು. ಕೊನೆಯ ಯತ್ನದಲ್ಲಿ ಮಂಜು ತನ್ನೆದುರಿನವನನ್ನು ಅಂಗಾತ ಬೀಳಿಸಿದ. ಮಂಜುವಿನ ಬೆನ್ನ ಹಿಂದಿನಿಂದ ಓನೋ ಸಾನ್ ಮಗ ನುಗ್ಗಿದ. ಬದಿಯಿಂದ ಯಾರದೋ ಕೈ ಅವನ ಕಾಲು ಹಿಡಿಯಿತು. ಗೆರೆಗೆ ಒಂದು ಗೇಣು ಉಳಿದಿತ್ತು.

ಸೋತ ಹುಡುಗರು ಸಾಲಾಗಿ ನಮ್ಮ ಮುಂದೆ ಬಂದು ನಿಂತು, ನೆಲದತ್ತ ಬಾಗಿ, ಬಹಳ ಹೊತ್ತು ತಲೆ ಎತ್ತಲಿಲ್ಲ. ಆಚೆ ಗೆದ್ದವರ ಕಡೆಯವರು ನಮ್ಮ ಕಾಲೇಜಿನ ಹೆಸರು ಕೂಗಿ ಹುರಿದುಂಬಿಸಿದರು. ಇಂಥ ಸೋಲನ್ನು ನಾನು ಕಂಡಿರಲಿಲ್ಲ. ಓನೋ ಸಾನ್ ಅಳುತ್ತಲೇ ಚಪ್ಪಾಳೆ ತಟ್ಟುತ್ತಿದ್ದರು, ನಾನೂ ತಟ್ಟಿದೆ.

ಸ್ನಾನ ಮುಗಿಸಿ ಬಂದ ಮಂಜು ನನ್ನನ್ನು ನಿಲ್ದಾಣಕ್ಕೆ ಬಿಡಲು ಬಂದ. ಕಣ್ಣು ಊದಿಕೊಂಡಿತ್ತು. ಪ್ಲಾಟ್‌ಫಾರ್ಮಿನಲ್ಲಿ ಹೇಳಿಬಿಟ್ಟೆ.

"ಮಂಜು, ಇವತ್ತೇ ಕಣೋ ನಾನು ಮೊದಲ್ನೇ ಸಲ ನೋಡಿದ್ದು. ಮೊಬೈಲಲ್ಲಿ ನೋಡ್ದೆ ಅಂದಿದ್ದೆಲ್ಲ ಸುಳ್ಳು."

"ಗೊತ್ತು ಅಕ್ಕ. ಫಸ್ಟ್ ಇಯರಲ್ಲೇ ಗೊತ್ತಾಯ್ತು. ನೀನ್ ಹೊಗಳಿದ್ದು ಹೇಳಿದ್ಮೇಲೆ ಟೀಮಲ್ಲಿ ಎಲ್ರೂ ನನ್ನ ರನ್ನರ್ ಅಂತಾನೇ ರೇಗಿಸ್ತಾರೆ."

"ಬೈಬಾರ್ದಿತ್ತಾ?"

"ಬೈದಿದ್ರೆ ಫೋನೂ ಮಾಡ್ತಿರ್ಲಿಲ್ಲ ನೀನು."

ಅವನ ಮುಖ ನೋಡಲಾಗಲಿಲ್ಲ. ಅವನಿಗೆ ಇನ್ನು ಪಂದ್ಯವಿಲ್ಲ. ನೋಡದೆ ಬಿಟ್ಟ ಒಂದನ್ನೂ ನಾನು ತಿರುಗಿ ತರಲಾರೆ. "ಫೈನಲ್‌ಗೆ ಹೋಗೋಣ್ವೇನೋ, ಇಬ್ರೂ?" ಎಂದೆ. "ಯಾರು ಯಾರನ್ನ ತಳ್ತಾರೆ ಅಂತ ಹೇಳ್ಕೊಡು."

"ಭಾನುವಾರ ಅಕ್ಕ ಅದು. ಹೋಟೆಲ್ಲು?"

"ಭಾವ ನೋಡ್ಕೋತಾರೆ."

"ಟಿಕೆಟ್ ತಗೊಂಡು ಹೇಳು. ಆಮೇಲೆ ನಂಬ್ತೀನಿ," ಎಂದ. ನಗಲಿಲ್ಲ.

ಸಂಜೆ ಫುನಾಬೊರಿಯಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಕೊಂಬಿನಿಗೆ ನುಗ್ಗಿದೆ. ಟಿಕೆಟ್ ಯಂತ್ರದ ತುಂಬ ನನಗೆ ಓದಲಾಗದ ಅಕ್ಷರಗಳು. ಕೌಂಟರಿನ ಹುಡುಗಿಯ ಬಳಿ ಹೋಗಿ, ನನಗೆ ಓದಲು ಬರುವುದಿಲ್ಲ, ಕೋಷಿಯೆನ್ ಫೈನಲ್‌ಗೆ ಎರಡು ಟಿಕೆಟ್ ಬೇಕು ಎಂದೆ. ಅವಳು ಹೊರಬಂದು ಒಂದೊಂದೇ ಗುಂಡಿ ಒತ್ತಿಸಿದಳು.

"ಯಾವ ಕಡೆ ಕೂರುತ್ತೀರಿ? ಯಾರು ಗೆಲ್ಲಬೇಕು ನಿಮಗೆ?"

"ಯಾರಾದರೂ ಗೆಲ್ಲಲಿ," ಎಂದೆ. "ಎರಡು ಸೀಟೂ ಪಕ್ಕಪಕ್ಕ ಇರಲಿ."