ಹೂಂ ಅನ್ನುವವರು

ನಾನು ಬೈಲಹೊಂಗಲದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಹಳ್ಳಿಯ ಮಕ್ಕಳು ಇಂಗ್ಲಿಷ್ ಓದುತ್ತಾರೆ, ಬರೆಯುತ್ತಾರೆ, ಮಾತಾಡು ಎಂದರೆ ಮಾತ್ರ ಬಾಯಿ ಬಿಡುವುದಿಲ್ಲ. ಯಾಕೆ ಎಂಬುದೇ ನನ್ನ ಪಿಎಚ್‌ಡಿ ವಿಷಯ. ವಿಷಯ ದೊಡ್ಡದು, ನನ್ನ ತಾಳ್ಮೆ ಸಣ್ಣದು. ಅದಕ್ಕಾಗಿ ಹೋದ ವರ್ಷ ಸವದತ್ತಿ ಬಸ್ಸು ಹಿಡಿದು ಉಗರಗೋಳದ ಶಾಲೆಯೊಂದಕ್ಕೆ ಹೋಗುತ್ತಿದ್ದೆ. ಒಂದೊಂದೇ ಮಗುವನ್ನು ಎದುರಿಗೆ ಕೂರಿಸಿಕೊಂಡು, ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ, ಮನೆಯಲ್ಲಿ ನಡೆದ ಏನಾದರೊಂದನ್ನು ಇಂಗ್ಲಿಷಿನಲ್ಲಿ ಹೇಳು ಎನ್ನುವುದು. ಆಮೇಲೆ ನಾನು ತುಟಿ ಬಿಚ್ಚುವಂತಿಲ್ಲ, ತಲೆಯನ್ನೂ ಆಡಿಸುವಂತಿಲ್ಲ. ಸಂಶೋಧನೆಯ ಕಟ್ಟಳೆ ಅದು.

ಮಕ್ಕಳು ಒಂದು ವಾಕ್ಯ ಹೇಳಿ ನನ್ನ ಮುಖ ನೋಡುತ್ತಿದ್ದರು. ನಾನು ಕಲ್ಲಿನಂತೆ ಕೂತಿರುತ್ತಿದ್ದೆ. ಅವರೂ ಸುಮ್ಮನಾಗುತ್ತಿದ್ದರು. ಮಾತು ಬಾರದು ಎಂದು ಗುರುತು ಹಾಕಿ ಮುಂದಿನವರನ್ನು ಕರೆಯುತ್ತಿದ್ದೆ.

ಆ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮದ ವರ್ಗ ಶುರುವಾಗುವುದಿತ್ತು. ನನ್ನ ರೆಕಾರ್ಡಿಂಗ್ ಕೇಳಿಯೇ ಮಕ್ಕಳನ್ನು ಆರಿಸುತ್ತೇನೆಂದು ಹೆಡ್‌ಮಾಸ್ತರರು ಹೇಳಿದ್ದರು. ಆ ವರ್ಗಕ್ಕಾಗಿ ಜೀವ ಬಿಡುತ್ತಿದ್ದವಳು ಒಬ್ಬ ಹುಡುಗಿ. ಅವಳ ತಾಯಿ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಕಾಯಿ, ಭಂಡಾರದ ಅರಿಸಿನ ಮಾರುವವಳು.

ಅವಳ ಸರದಿ ಬಂತು. “ಅವರ್ ಬಫೆಲೋ ವೆಂಟ್ ಅವೇ,” ಎಂದು ನನ್ನ ಮುಖ ನೋಡಿದಳು. ನಾನು ಕದಲಲಿಲ್ಲ. ಅವಳ ಕಣ್ಣು ತುಂಬಿತು. ಆದರೂ ನಾನು ಬಾಯಿ ಬಿಗಿಹಿಡಿದೆ.

ಮಗಳಿಗೆ ಬುತ್ತಿ ತಂದು ಬಾಗಿಲಲ್ಲಿ ನಿಂತಿದ್ದ ತಾಯಿ ಅಲ್ಲಿಂದಲೇ, “ಹೂಂ,” ಎಂದಳು.

ಹುಡುಗಿ ಕಣ್ಣೊರೆಸಿಕೊಂಡಳು. “ಐ ರನ್. ಮೈ ಮದರ್ ಆಲ್ಸೋ ರನ್.”

“ಹೂಂ.”

“ಬಫೆಲೋ ಸಿಟ್ಟಿಂಗ್ ಇನ್ ವಾಟರ್. ಆಲ್ ಪೀಪಲ್ ಕಾಲಿಂಗ್. ನಾಟ್ ಕಮಿಂಗ್.”

“ಹೂಂ, ಮುಂದ?”

ಮುಂದೆ ಡ್ಯಾಮಿನ ಹಿನ್ನೀರು ಬಂತು, ಮೀನು ಹಿಡಿಯುವವನ ತೆಪ್ಪ ಬಂತು, ಎಮ್ಮೆಯ ಕೊಂಬಿಗೆ ಹಗ್ಗ ಬಿತ್ತು. ವ್ಯಾಕರಣ ಅಡ್ಡಾದಿಡ್ಡಿ ಓಡಿತು, ಕಥೆ ಎಲ್ಲೂ ಎಡವಲಿಲ್ಲ. ಆಗ ನನಗೆ ಹೊಳೆಯಿತು. ನಮ್ಮ ಕಡೆ ಕಥೆ ಹೇಳುವವರಿಗೆ ಹೂಂಗುಟ್ಟಲು ಒಬ್ಬರು ಬೇಕೇ ಬೇಕು. ಹೂಂ ನಿಂತರೆ ಕೇಳುವವರಿಗೆ ಸಾಕಾಗಿದೆ ಎಂದು ತಿಳಿದು ಹೇಳುವವರು ನಿಲ್ಲಿಸುತ್ತಾರೆ. ಅಜ್ಜಿಯ ಕಥೆಗಳಿಗೆ ಹೂಂಗುಟ್ಟಿಯೇ ಬೆಳೆದವಳು ನಾನು. ಆ ಮಕ್ಕಳೆಲ್ಲ ನನ್ನ ಮುಖದಲ್ಲಿ ಹುಡುಕುತ್ತಿದ್ದದ್ದು ಅದನ್ನೇ.

“ಆಕಿ ಹೇಳಿದ್ದು ನಿಮಗ ತಿಳೀತೇನ್ರಿ ಅವ್ವಾರ?” ಎಂದು ಕೇಳಿದೆ.

“ಏನೂ ತಿಳೀಲಿಲ್ರಿ ಅಕ್ಕೋರ. ಆದ್ರ ಯಾರೂ ಹೂಂ ಅನ್ನಲಿಲ್ಲಂದ್ರ ಕೂಸು ಯಾರ ಮುಂದ ಹೇಳಬೇಕ್ರಿ?”

ಹೆಡ್‌ಮಾಸ್ತರರು ರೆಕಾರ್ಡಿಂಗನ್ನು ಕೊನೆಯವರೆಗೂ ಕೇಳಿದರು. “ಈಕೀನ್ನ ತಗೋತೇನ್ರಿ,” ಎಂದರು. “ಉಳಿದವರದು?”

“ಇನ್ನೊಮ್ಮೆ ಕೇಳಬೇಕ್ರಿ ಸರ್,” ಎಂದೆ.

ಮೊದಲ ದಿನ ಬಂದಿದ್ದ ಹುಡುಗನನ್ನೇ ಕರೆದೆ. ಅವನು ಅಂದಿನ ಅದೇ ಒಂದು ವಾಕ್ಯ ಹೇಳಿ, ಹೆದರುತ್ತ ನನ್ನ ಮುಖ ನೋಡಿದ.

“ಹೂಂ,” ಎಂದೆ.

ಊಟದ ಗಂಟೆ ಹೊಡೆದರೂ ಅವನು ನಿಲ್ಲಿಸಲಿಲ್ಲ.