ಎರಡನೇ ಪೆನ್‌ಡ್ರೈವ್

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಅದೂ ಫೇಲು. ಬನಶಂಕರಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಕಂಪ್ಯೂಟರ್ ಕಲಿತೆ. ಹಾಗಾಗಿ ಮನೆಯಲ್ಲಿ ಆ ವಿಷಯಕ್ಕೆಲ್ಲ ನಾನೇ.

ಇಟ್ಟಮಡುವಿನ ನಮ್ಮ ಮನೆಯಲ್ಲಿ ಅಕ್ಕ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಥೈರಾಯ್ಡ್ ಆಪರೇಷನ್ ಆದಮೇಲೆ ಅವಳ ದನಿ ಮೇಲಕ್ಕೆ ಏರುವುದಿಲ್ಲ. ಆಪರೇಷನ್ನಿಗೆ ಮುಂಚೆ, ಇರಲಿ ಎಂದು, ತನಗೆ ಬರುವ ಕೃತಿಗಳನ್ನೆಲ್ಲ ಹಾಡಿ ನನ್ನ ಕೈಲಿ ರೆಕಾರ್ಡ್ ಮಾಡಿಸಿದ್ದಳು. ಮನೆಯ ಕಂಪ್ಯೂಟರ್ ಕೆಡುವ ಹಾಗಿತ್ತು. ಉಚಿತವಾಗಿ ಸಿಗುವ ಒಂದು ಜಿಪ್ ಸಾಫ್ಟ್‌ವೇರ್ ಹಾಕಿಕೊಂಡು, ಅಷ್ಟನ್ನೂ ಕುಗ್ಗಿಸಿ ಒಂದೇ ಫೈಲ್ ಮಾಡಿ, ಒಂದರಲ್ಲಿ ಹಿಡಿಸದ್ದರಿಂದ ಅದನ್ನು ಮೂರು ತುಂಡು ಮಾಡಿ ಮೂರು ಪೆನ್‌ಡ್ರೈವ್‌ಗೆ ಹಾಕಿದೆ. ಮೂರೂ ಇದ್ದರೆ ಮಾತ್ರ ಅದು ತೆರೆದುಕೊಳ್ಳುತ್ತದೆ. ಆ ಕಂಪ್ಯೂಟರ್ ಗುಜರಿಗೆ ಹೋಗಿ, ಮನೆಗೆ ಇನ್ನೊಂದು ಸೆಕೆಂಡ್‌ಹ್ಯಾಂಡ್ ಬಂತು.

ಅಂಗಡಿಯಲ್ಲೂ ಒಂದು ಕಾಪಿ ಇಡೋಣವೆಂದು ಪೆನ್‌ಡ್ರೈವ್‌ಗಳನ್ನು ತೆಗೆದುಕೊಂಡು ಹೋಗಿದ್ದೆ. ಮೊದಲನೆಯದು ಕಾಪಿಯಾಗಿತ್ತು. ಅಷ್ಟರಲ್ಲಿ ಗೆಳೆಯನೊಬ್ಬ ಕಾರು ನಿಲ್ಲಿಸಿ, "ಮಗಾ, ಮೈಸೂರಿಗೆ ಹೊರಟಿದೀನಿ. ಸಖತ್ತಾಗಿರೋ ಸಾಂಗ್ಸ್ ಹಾಕ್ಕೊಡೋ" ಅಂದ. ಎಲ್ಲವೂ ಕಾಪಿಯಾಗಿದೆ ಎಂದುಕೊಂಡು, ನೋಡದೆ, ಎರಡನೆಯದನ್ನು ಫಾರ್ಮ್ಯಾಟ್ ಮಾಡಿ ಅವನಿಗೆ ಕೊಟ್ಟೆ.

ಅಕ್ಕ ಪಾಠಕ್ಕೆಂದು ಹಾಡು ಕೇಳಿದಾಗ ಹಾಕಿ ನೋಡಿದೆ. ಎರಡನೇ ಭಾಗ ಇಲ್ಲ ಎಂದು ಸಾಫ್ಟ್‌ವೇರ್ ಸರಿಯಾಗಿಯೇ ಹೇಳಿತು, ಇಂಗ್ಲಿಷಿನಲ್ಲಿ. ಅಕ್ಕ ಕನ್ನಡಕ ಹಾಕಿರಲಿಲ್ಲ.

"ಏನಂತೋ ಅದು?"

"ಓಪನ್ ಆಗ್ತಿಲ್ಲ ಅಕ್ಕ."

"ಪುಕ್ಕಟೆ ಸಿಗೋದೆಲ್ಲ ಹಿಂಗೇ. ನೀನೇನ್ ಮಾಡ್ತೀಯ ಬಿಡು."

ಹೂಂ ಅಂದೆ.

ಆಮೇಲೆ ಮನೆಗೆ ಬರುವುದೇ ಆಯಾಸವಾಯಿತು. ಊಟಕ್ಕೆ ಕೂತರೆ "ಇನ್ನೊಂದ್ಸಲ ನೋಡೋ" ಅನ್ನುತ್ತಿದ್ದಳು. ತಟ್ಟೆ ಎತ್ತಿಟ್ಟು, ನೋಡುವವನ ಹಾಗೆ ಮೌಸ್ ಒತ್ತುತ್ತಾ ಕೂರುತ್ತಿದ್ದೆ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಕೊನೆಗೊಂದು ದಿನ, ಪಾಠಕ್ಕೆ ಬರುವ ಹುಡುಗಿಯ ತಂದೆ ಬೇರೆ ಸಾಫ್ಟ್‌ವೇರ್ ಕೊಡಿಸುತ್ತಾರಂತೆ ಎಂದು ಖುಷಿಯಿಂದ ಹೇಳಿದಳು. ಇನ್ನು ಎಳೆಯುವ ಶಕ್ತಿ ನನಗಿರಲಿಲ್ಲ. ನಡೆದದ್ದನ್ನು ಹೇಳಿಬಿಟ್ಟೆ.

ಅಕ್ಕ ಬಯ್ಯಲಿಲ್ಲ. "ಅವನಿಗೆ ಯಾವ ಹಾಡು ಹಾಕ್ಕೊಟ್ಟೆ?" ಅಂದಳು.

"ಸಿನಿಮಾದ್ದು."

"ಚೆನ್ನಾಗಿದ್ವಾ?"

ಅಷ್ಟರಲ್ಲಿ ಮಕ್ಕಳು ಬಂದರು. ಅಕ್ಕ ಶ್ರುತಿಪೆಟ್ಟಿಗೆ ಹಾಕಿ ಒಂದು ಸಾಲು ಹಾಡಿದಳು. ಮೇಲಿನ ಷಡ್ಜಕ್ಕೆ ಹೋಗುವಾಗ ದನಿ ಒಡೆದು ನಿಂತಿತು. ಮಕ್ಕಳು ಅದೇ ಸಾಲನ್ನು ತಿರುಗಿ ಹಾಡಿ, ಅವಳ ದನಿ ನಿಂತಲ್ಲೇ ತಾವೂ ನಿಲ್ಲಿಸಿದರು.