ವಲ್ಲಿಯ ಮರೆಯಲ್ಲಿ ಇನ್ಸುಲಿನ್ ವ್ಯಾಪಾರ

ಹರಿಹರದ ಹತ್ತಿ ದಲಾಲರೊಬ್ಬರು ಹೆಗಲ ಮೇಲಿನ ವಲ್ಲಿಯನ್ನು ಕೈಗೆ ಹೊದಿಸಿಕೊಂಡು ದಾವಣಗೆರೆಯ ಡಾಕ್ಟರ ಮುಂದೆ ಗಂಭೀರವಾಗಿ ಚಾಚಿದರು. ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದು ಹತ್ತಿ ಪೇಟೆಯ ಸಂಪ್ರದಾಯ. ಸುತ್ತ ನಿಂತವರಿಗೆ ತಿಳಿಯಬಾರದು. ಇಲ್ಲಿ ಮಾಲು ಮಾತ್ರ ಇನ್ಸುಲಿನ್. ದಲಾಲರಿಗೆ ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳಿನ ಹುಣ್ಣು ಮಾಯುತ್ತಿರಲಿಲ್ಲ. ದಿನಾ ಸೂಜಿ ಬೇಕೆಂದು ಡಾಕ್ಟರು ಆಗಷ್ಟೇ ಹೇಳಿದ್ದರು.

ಡಾಕ್ಟರೂ ಪೇಟೆಯಲ್ಲೇ ಬೆಳೆದವರು, ವಲ್ಲಿಯೊಳಗೆ ಕೈಯಿಟ್ಟರು. ವ್ಯವಹಾರ ಆಣೆಯಲ್ಲೋ ನಯಾಪೈಸೆಯಲ್ಲೋ ತಿಳಿಯದೆ ನಾವು ರೋಗಿಗಳೆಲ್ಲ ನಮ್ಮ ನಮ್ಮ ರೋಗ ಮರೆತು ಕಾದೆವು.

"ನನ್ನ ಫೀಸು ಬಿಟ್ಟೆ. ಔಷಧ ಪರದೇಶದ್ದು, ಅದರ ದರ ನನ್ನ ಕೈಯಾಗಿಲ್ಲ" ಎಂದು ಡಾಕ್ಟರು ಕೈ ಹೊರಗೆ ತೆಗೆದರು. "ತಡ ಮಾಡಿದ್ರೆ ಆ ಬೆರಳು ತೆಗೀಬೇಕಾಗ್ತೈತೆ ನೋಡ್ರಿ."

"ಹಂಗಾರೆ ಈಗ ಬ್ಯಾಡ. ದೀಪಾವಳಿ ಕಳೀಲಿ, ದರ ಇಳಿದ್ರೂ ಇಳೀತೈತೆ" ಎಂದರು ದಲಾಲರು.

ಪಕ್ಕದಲ್ಲಿದ್ದ ಅವರ ಹೆಂಡತಿ ಸೆರಗು ಸರಿಪಡಿಸಿಕೊಂಡು ವಲ್ಲಿಯೊಳಗೆ ಕೈ ಹಾಕಿ, ಗಂಡನ ಐದು ಬೆರಳನ್ನೂ ಒಟ್ಟಿಗೆ ಹಿಡಿದರು.

"ಕಾಲಾಗೂ ನಂಗೆ ಇಷ್ಟೂ ಬೇಕ್ರಿ. ಇದರಾಗೆ ಒಂದೂ ಕಡಿಮೆ ಮಾಡಂಗಿಲ್ಲ."

ದಲಾಲರು ಬಹಳ ಹೊತ್ತು ಕೈ ಬಿಡಿಸಿಕೊಳ್ಳಲಿಲ್ಲ. ಆಮೇಲೆ, "ಚುಚ್ರಿ ಡಾಕ್ಟ್ರೆ" ಎಂದರು.

ರಕ್ತದೊತ್ತಡದ ಮಾತ್ರೆ ದುಬಾರಿಯೆಂದು ತಕರಾರು ಹೂಡಲು ಬಂದಿದ್ದ ನಾನು, ನನ್ನವಳೂ ಪಕ್ಕದಲ್ಲೇ ಕೂತು ಇದನ್ನೆಲ್ಲ ನೋಡುತ್ತಿದ್ದುದನ್ನು ಗಮನಿಸಿದೆ. ಹೇಳಿದ ಬೆಲೆಗೇ ಮಾತ್ರೆ ಕೊಂಡು, ಇಬ್ಬರೂ ಮನೆಗೆ ನಡೆದೆವು.